ಬೂಟ್ ಲೋಡರ್‌ನಲ್ಲಿ ಸೀರಿಯಲ್ ಕನ್ಸೋಲ್, ಅಡ್ಡ ಬರುವ ಫರ್ಮ್‌ವೇರ್: ಪದೇ ಪದೇ ಕೇಳುವ ಪ್ರಶ್ನೆಗಳು

ಮಾನಿಟರ್ ಇಲ್ಲದ ಯಂತ್ರವನ್ನು ಒಂದೇ ಸೀರಿಯಲ್ ತಂತಿಯ ಮೂಲಕ ನೋಡಿಕೊಳ್ಳುವವರು ಮಾತಿನಲ್ಲೂ ಪತ್ರದಲ್ಲೂ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇಲ್ಲಿವೆ. ಬಹುಪಾಲು ಗ್ರಬ್ (ಲಿನಕ್ಸನ್ನು ತುಂಬಿ ಓಡಿಸುವ ಬೂಟ್ ಲೋಡರ್) ಮತ್ತು ಲಿನಕ್ಸ್‌ಗೆ ಸಂಬಂಧಿಸಿದವು. ಬೇರೆ ಲೋಡರ್‌ಗಳ ಮಾತು ಕೊನೆಯ ಭಾಗದಲ್ಲಿ ಬರುತ್ತದೆ.

ಕಮಾಂಡ್‌ಗಳನ್ನು ಕನ್ನಡ ಅಕ್ಷರಗಳಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರ ಬಳಸಿ. 'ಗ್ರಬ್_' ಎಂದು ಶುರುವಾಗುವ ಹೆಸರುಗಳು ಮಾತ್ರ ಪೂರ್ತಿ ದೊಡ್ಡಕ್ಷರದಲ್ಲಿರಬೇಕು, ಟಿಟಿವೈಎಸ್0 ಎಂಬಲ್ಲಿ ಎಸ್ ಒಂದೇ ದೊಡ್ಡದು.

## ಮೊದಲು ತಿಳಿಯಬೇಕಾದದ್ದು

ಕರ್ನಲ್ ಸಂದೇಶಗಳು ಸೀರಿಯಲ್‌ನಲ್ಲಿ ಬರುತ್ತಿವೆ, ಗ್ರಬ್ ಮೆನು ಮಾತ್ರ ಬರುತ್ತಿಲ್ಲ. ಒಂದು ಕಡೆ ಆನ್ ಮಾಡಿದರೆ ಸಾಲದೇ?

ಸಾಲದು. ಯಂತ್ರ ಶುರುವಾಗುವಾಗ ಅದೇ ಪೋರ್ಟನ್ನು ನಾಲ್ವರು ಒಬ್ಬರಾದ ಮೇಲೊಬ್ಬರು ಬಳಸುತ್ತಾರೆ: ಮೊದಲು ಫರ್ಮ್‌ವೇರ್ (ಬೋರ್ಡಿನಲ್ಲೇ ಕೂತ ತಂತ್ರಾಂಶ), ಆಮೇಲೆ ಬೂಟ್ ಲೋಡರ್, ಅನಂತರ ಕರ್ನಲ್ (ಲಿನಕ್ಸ್‌ನ ತಿರುಳು), ಕಡೆಗೆ ಲಾಗಿನ್ ಕೇಳುವ ಗೆಟ್ಟಿ. ಒಬ್ಬರ ಸೆಟ್ಟಿಂಗ್ ಇನ್ನೊಬ್ಬರಿಗೆ ತಾನಾಗಿ ದಾಟುವುದಿಲ್ಲ. ಕರ್ನಲ್‌ಗೆ ಹೇಳಿದ್ದನ್ನು ಗ್ರಬ್ ಓದುವುದಿಲ್ಲ, ಗ್ರಬ್‌ಗೆ ಹೇಳಿದ್ದನ್ನು ಕರ್ನಲ್ ಓದುವುದಿಲ್ಲ. ಈ ಪುಟದ ಹೆಚ್ಚಿನ ತೊಂದರೆಗಳಿಗೆ ಮೂಲ ಎರಡೇ: ಯಾವುದೋ ಒಂದು ಹಂತದಲ್ಲಿ ಪೋರ್ಟಿಗೆ ಯಾರೂ ದಿಕ್ಕಿಲ್ಲ, ಇಲ್ಲವೇ ಒಂದೇ ಹೊತ್ತಿಗೆ ಇಬ್ಬರು ಅದರ ಮೇಲೆ ಕೈ ಹಾಕಿದ್ದಾರೆ. ತೊಂದರೆ ಬಂದಾಗ ಮೊದಲು ಕೇಳಿಕೊಳ್ಳಬೇಕಾದದ್ದು ಇಷ್ಟೇ: ಈ ಕ್ಷಣದಲ್ಲಿ ಪೋರ್ಟ್ ಯಾರ ಕೈಯಲ್ಲಿದೆ?

ಗ್ರಬ್‌ನಲ್ಲಿ ಏನೇನು ಬರೆಯಬೇಕು, ಒಂದು ಸಲ ಪೂರ್ತಿ ಹೇಳಿಬಿಡಿ.

/ಇಟಿಸಿ/ಡಿಫಾಲ್ಟ್/ಗ್ರಬ್ ಕಡತದಲ್ಲಿ ಮೂರು ಸಾಲು:

ಗ್ರಬ್_ಟರ್ಮಿನಲ್="ಕನ್ಸೋಲ್ ಸೀರಿಯಲ್"

ಗ್ರಬ್_ಸೀರಿಯಲ್_ಕಮಾಂಡ್="ಸೀರಿಯಲ್ --ಯುನಿಟ್=0 --ಸ್ಪೀಡ್=115200 --ವರ್ಡ್=8 --ಪ್ಯಾರಿಟಿ=ನೋ --ಸ್ಟಾಪ್=1"

ಗ್ರಬ್_ಸಿಎಂಡಿಲೈನ್_ಲಿನಕ್ಸ್="ಕನ್ಸೋಲ್=ಟಿಟಿವೈ0 ಕನ್ಸೋಲ್=ಟಿಟಿವೈಎಸ್0,115200ಎನ್8"

ಮೊದಲ ಎರಡು ಗ್ರಬ್‌ಗಾಗಿ, ಮೂರನೆಯದು ಕರ್ನಲ್‌ಗಾಗಿ. ಬರೆದ ಮೇಲೆ ಡೆಬಿಯನ್, ಉಬುಂಟುಗಳಲ್ಲಿ ಅಪ್‌ಡೇಟ್-ಗ್ರಬ್ ಓಡಿಸಿ. ಬೇರೆಡೆ ಗ್ರಬ್-ಎಂಕೆಕಾನ್ಫಿಗ್ ಅಥವಾ ಗ್ರಬ್2-ಎಂಕೆಕಾನ್ಫಿಗ್ ಓಡಿಸಿ ಗ್ರಬ್.ಸಿಎಫ್‌ಜಿ ಕಡತವನ್ನು ಹೊಸದಾಗಿ ಬರೆಸಬೇಕು. ಫೆಡೋರಾ ಬಳಗದಲ್ಲಿ ಕರ್ನಲ್ ಸಾಲನ್ನು ಬದಲಿಸಲು ಗ್ರಬ್ಬಿ ಎಂಬ ಸಾಧನವಿದೆ, ಅಲ್ಲಿ ಅದನ್ನೇ ಬಳಸುವುದು ಕ್ಷೇಮ. ಲಾಗಿನ್‌ಗಾಗಿ ಬೇರೆ ಏನೂ ಬರೆಯಬೇಕಿಲ್ಲ: ಸಿಸ್ಟಂಡಿ (ಸೇವೆಗಳನ್ನು ಎಬ್ಬಿಸುವ ವ್ಯವಸ್ಥೆ) ಇರುವ ಯಂತ್ರದಲ್ಲಿ ಕರ್ನಲ್ ಕನ್ಸೋಲ್ ಆಗಿರುವ ಸೀರಿಯಲ್ ಪೋರ್ಟಿಗೆ ಗೆಟ್ಟಿ ತಾನಾಗಿ ಎದ್ದು ಕೂರುತ್ತದೆ.

ಫರ್ಮ್‌ವೇರ್ ಸುಮ್ಮನಿರುವ ಯಂತ್ರದಲ್ಲಿ ಇಷ್ಟು ಸಾಕು. ಅದು ಸುಮ್ಮನಿರದಿದ್ದರೆ ಎರಡನೇ ಭಾಗ ನೋಡಿ.

ವೇಗ 9600 ಇಡಲೋ 115200 ಇಡಲೋ?

ಫರ್ಮ್‌ವೇರ್‌ನಲ್ಲಿ ಬದಲಿಸಲು ಸಾಧ್ಯವಿದ್ದರೆ ಎಲ್ಲ ಕಡೆಯೂ 115200. ಎಂಟು ಬಿಟ್, ಪ್ಯಾರಿಟಿ ಇಲ್ಲ, ಒಂದು ಸ್ಟಾಪ್ ಬಿಟ್ ಎಂದಾಗ ಪ್ರತಿ ಅಕ್ಷರಕ್ಕೆ ತಂತಿಯ ಮೇಲೆ ಹತ್ತು ಬಿಟ್ ಬೇಕು. ಅಂದರೆ 9600ರಲ್ಲಿ ಸೆಕೆಂಡಿಗೆ 960 ಅಕ್ಷರ, 115200ರಲ್ಲಿ 11,520. 80 ಅಡ್ಡ 25ರ ಪರದೆಯನ್ನು ಪೂರ್ತಿ ಬರೆಯಲು 9600ರಲ್ಲಿ ಎರಡು ಸೆಕೆಂಡಿಗೂ ಹೆಚ್ಚು ಬೇಕು. ಗ್ರಬ್ ಮೆನುವಿನಲ್ಲಿ ಒಂದು ಸಾಲು ಕೆಳಗಿಳಿದರೂ ಕಾಯುವಂತಾಗುತ್ತದೆ.

ಫರ್ಮ್‌ವೇರ್ 9600 ಬಿಟ್ಟು ಕದಲುವುದಿಲ್ಲ ಎಂದಾದರೆ ಉಳಿದವರನ್ನೂ 9600ಕ್ಕೆ ಇಳಿಸಿ. ನಿಧಾನ ಸಹಿಸಬಹುದು, ಪ್ರತಿ ಹಂತಕ್ಕೂ ಟರ್ಮಿನಲ್ ವೇಗ ಬದಲಿಸುತ್ತ ಕೂರುವುದು ತುರ್ತಿನ ಹೊತ್ತಿನಲ್ಲಿ ಆಗದ ಮಾತು. ಇನ್ನೊಂದು ನೆನಪಿರಲಿ: ವೇಗ ಬರೆಯದೆ ಬರೀ 'ಕನ್ಸೋಲ್=ಟಿಟಿವೈಎಸ್0' ಎಂದರೆ ಲಿನಕ್ಸ್ ಅದನ್ನು 9600 ಎಂದೇ ತೆಗೆದುಕೊಳ್ಳುತ್ತದೆ.

ಅರ್ಥವಿಲ್ಲದ ಚಿಹ್ನೆಗಳು ಸುರಿಯುತ್ತಿವೆ. ತಂತಿ ಕೆಟ್ಟಿದೆಯೇ?

ಕಸ ಯಾವಾಗ ಶುರುವಾಗುತ್ತದೆ ಎಂಬುದನ್ನು ಗಮನಿಸಿ. ಫರ್ಮ್‌ವೇರ್ ಸಂದೇಶ ಚೆನ್ನಾಗಿ ಬಂದು ಗ್ರಬ್ ಬಂದ ಕೂಡಲೇ ಕೆಟ್ಟರೆ ಗ್ರಬ್‌ನ ವೇಗ ಬೇರೆ ಇದೆ. ಗ್ರಬ್ ಚೆನ್ನಾಗಿದ್ದು ಆಮೇಲೆ ಕೆಟ್ಟರೆ ಕರ್ನಲ್ ಸಾಲಿನ ವೇಗ ತಪ್ಪಿದೆ. ಮೊದಲ ಅಕ್ಷರದಿಂದಲೇ ಕಸವಾದರೆ ಮಾತ್ರ ತಂತಿಯ ಕಡೆ ನೋಡಿ. ಬೋರ್ಡಿನ 3.3 ವೋಲ್ಟ್ ಪಿನ್‌ಗಳಿಗೆ ಆರ್‌ಎಸ್-232 ಕೇಬಲ್ ಹಾಕಿದ್ದರೆ ತಕ್ಷಣ ಕಿತ್ತುಬಿಡಿ: ಆರ್‌ಎಸ್-232ರ ಸಂಕೇತ ತಲೆಕೆಳಗಾಗಿರುತ್ತದೆ, ಅದರ ವೋಲ್ಟೇಜ್ ಬೋರ್ಡನ್ನೇ ಸುಡಬಲ್ಲದು.

ಎರಡು 'ಕನ್ಸೋಲ್=' ಬರೆದರೆ ಯಾವುದು ನಡೆಯುತ್ತದೆ?

ಎರಡೂ ನಡೆಯುತ್ತವೆ, ಆದರೆ ಸಮನಾಗಿ ಅಲ್ಲ. ಕರ್ನಲ್ ಸಂದೇಶಗಳು ಎರಡಕ್ಕೂ ಹೋಗುತ್ತವೆ. ಕೊನೆಯಲ್ಲಿ ಬರೆದದ್ದು ಮಾತ್ರ /ಡೆವ್/ಕನ್ಸೋಲ್ ಆಗುತ್ತದೆ. ಸೇವೆಗಳು ಏಳುವ ವರದಿ, ತುರ್ತು ಶೆಲ್, ಡಿಸ್ಕ್ ಗೂಢಲಿಪಿಯ ಪಾಸ್‌ವರ್ಡ್ ಪ್ರಶ್ನೆ ಇವೆಲ್ಲ ಸಾಮಾನ್ಯವಾಗಿ ಅಲ್ಲಿಗೇ ಬರುತ್ತವೆ. ಸೀರಿಯಲ್ ಒಂದನ್ನೇ ನಂಬಿದ ಯಂತ್ರದಲ್ಲಿ ಟಿಟಿವೈಎಸ್0 ಕೊನೆಗೆ ಇರಲೇಬೇಕು.

## ಫರ್ಮ್‌ವೇರ್ ಅಡ್ಡ ಬಂದಾಗ

ಗ್ರಬ್ ಮೆನುವಿನಲ್ಲಿ ಪ್ರತಿ ಅಕ್ಷರವೂ ಎರಡೆರಡು ಸಲ ಬರುತ್ತಿದೆ. ನಾನು ಒತ್ತಿದ ಕೀಗಳಲ್ಲಿ ಅರ್ಧ ಕಾಣೆಯಾಗುತ್ತಿವೆ. ಇದೇನು?

ಎಲ್ಲಕ್ಕಿಂತ ಹೆಚ್ಚು ಬರುವ ಪ್ರಶ್ನೆ ಇದು, ಉತ್ತರವನ್ನು ನಿಧಾನವಾಗಿ ಓದಿ.

ಯುಇಎಫ್‌ಐ (ಹಳೆಯ ಬಯೋಸ್‌ನ ಜಾಗಕ್ಕೆ ಬಂದ ಹೊಸ ಬಗೆ) ಫರ್ಮ್‌ವೇರ್‌ನಲ್ಲಿ 'ಕನ್ಸೋಲ್ ರಿಡೈರೆಕ್ಷನ್' ಆನ್ ಆಗಿದ್ದರೆ, ಫರ್ಮ್‌ವೇರಿನ ಪಠ್ಯ ಪರದೆಗೆ ಬರೆದದ್ದೆಲ್ಲ ಸೀರಿಯಲ್‌ಗೂ ಹೋಗುತ್ತದೆ. ಗ್ರಬ್‌ನ 'ಕನ್ಸೋಲ್' ಎಂಬ ಟರ್ಮಿನಲ್ ಬಳಸುವುದು ಇದೇ ಪಠ್ಯ ಪರದೆಯನ್ನು. ಹಾಗಾಗಿ 'ಕನ್ಸೋಲ್ ಸೀರಿಯಲ್' ಎಂದು ಬರೆದಾಗ ಒಂದು ಪ್ರತಿ ಫರ್ಮ್‌ವೇರ್ ಮೂಲಕ, ಇನ್ನೊಂದು ಗ್ರಬ್‌ನ ಸ್ವಂತ ಚಾಲಕದ ಮೂಲಕ ಅದೇ ತಂತಿಗೆ ಇಳಿಯುತ್ತದೆ. ಎರಡೂ ಕಡೆಯಿಂದ ಕರ್ಸರ್ ಸರಿಸುವ ಸಂಕೇತಗಳು ಬೆರೆತು ಮೆನುವಿನ ಚೌಕಟ್ಟು ಚೆಲ್ಲಾಪಿಲ್ಲಿಯಾಗುತ್ತದೆ.

ಕೀಗಳ ಕಥೆ ಇನ್ನೂ ಕೆಟ್ಟದು. ಬಂದ ಅಕ್ಷರವನ್ನು ಸೀರಿಯಲ್ ಚಿಪ್ಪಿನಿಂದ ಒಮ್ಮೆ ಓದಿದರೆ ಅದು ಅಲ್ಲಿಂದ ಹೋದಂತೆಯೇ. ಫರ್ಮ್‌ವೇರ್, ಗ್ರಬ್ ಎರಡೂ ಒಂದೇ ಚಿಪ್ಪನ್ನು ಓದುತ್ತಿರುವಾಗ ಯಾವ ಅಕ್ಷರ ಯಾರ ಪಾಲಾಗುತ್ತದೆ ಎಂದು ಹೇಳಲಾಗದು. ಬಾಣದ ಕೀ ಮೂರು ಬೈಟ್‌ಗಳ ಸಂಕೇತವಾದ್ದರಿಂದ ಅದು ಹರಿದು ಇಬ್ಬರಿಗೆ ಹಂಚಿಹೋಗುತ್ತದೆ, ಯಾರಿಗೂ ಅರ್ಥವಾಗುವುದಿಲ್ಲ.

ಪರಿಹಾರ: ಇಬ್ಬರಲ್ಲಿ ಒಬ್ಬರನ್ನು ಆರಿಸಿ. ಯುಇಎಫ್‌ಐ ಯಂತ್ರದಲ್ಲಿ ರಿಡೈರೆಕ್ಷನ್ ಚೆನ್ನಾಗಿ ಕೆಲಸ ಮಾಡುತ್ತಿದ್ದರೆ ಗ್ರಬ್‌ನಲ್ಲಿ 'ಸೀರಿಯಲ್' ತೆಗೆದು 'ಕನ್ಸೋಲ್' ಒಂದನ್ನೇ ಇಡಿ. ನನ್ನ ಒಲವು ಈ ಕಡೆಗೇ, ಏಕೆಂದರೆ ಪೋರ್ಟ್ ವಿಳಾಸ, ವೇಗಗಳ ತಲೆನೋವು ಗ್ರಬ್‌ಗೆ ಇರುವುದಿಲ್ಲ. ಫರ್ಮ್‌ವೇರಿನ ಟರ್ಮಿನಲ್ ಅನುಕರಣೆ ಕಳಪೆಯಾಗಿದ್ದರೆ, ಸೆಟಪ್‌ನಲ್ಲಿ 'ಪೋಸ್ಟ್ (ಆರಂಭದ ತಪಾಸಣೆ) ನಂತರ ರಿಡೈರೆಕ್ಷನ್' ಎಂಬರ್ಥದ ಆಯ್ಕೆ ಹುಡುಕಿ ಆಫ್ ಮಾಡಿ, ಗ್ರಬ್‌ನಲ್ಲಿ ಸೀರಿಯಲ್ ಇಟ್ಟುಕೊಳ್ಳಿ. ಹಳೆಯ ಬಯೋಸ್ ಯಂತ್ರಗಳಲ್ಲಿ ನಾನು ಹೇಳುವುದು ಈ ಎರಡನೆಯ ದಾರಿ.

ಕರ್ನಲ್ ಸಾಲನ್ನು ಮಾತ್ರ ಎರಡೂ ಸಂದರ್ಭದಲ್ಲಿ ಹಾಗೇ ಬಿಡಿ. ಲಿನಕ್ಸ್ ಯಂತ್ರವನ್ನು ಕೈಗೆತ್ತಿಕೊಂಡ ಮೇಲೆ ಯುಇಎಫ್‌ಐಯ ಪಠ್ಯ ಪರದೆ ಇರುವುದೇ ಇಲ್ಲ.

ಫರ್ಮ್‌ವೇರ್ ಸೆಟಪ್ ಸೀರಿಯಲ್‌ನಲ್ಲಿ ಚೆನ್ನಾಗಿ ಕಾಣುತ್ತದೆ, ಗ್ರಬ್ ಬಂದ ಕೂಡಲೇ ಎಲ್ಲ ಖಾಲಿ. ರಿಡೈರೆಕ್ಷನ್ ಆನ್ ಇದೆಯಲ್ಲ?

ಗ್ರಬ್ ಚಿತ್ರ ಮೋಡ್‌ಗೆ, ಅಂದರೆ ಜಿಎಫ್‌ಎಕ್ಸ್‌ಟರ್ಮ್‌ಗೆ ಹೋಗಿರುತ್ತದೆ. ರಿಡೈರೆಕ್ಷನ್ ನಕಲು ಮಾಡುವುದು ಪಠ್ಯವನ್ನು ಮಾತ್ರ. ಚುಕ್ಕಿಗಳಿಂದ ಬಿಡಿಸಿದ ಅಕ್ಷರ ಅದಕ್ಕೆ ಕಾಣುವುದಿಲ್ಲ. ಗ್ರಬ್_ಟರ್ಮಿನಲ್=ಕನ್ಸೋಲ್ ಎಂದು ಸ್ಪಷ್ಟವಾಗಿ ಬರೆಯಿರಿ. ಹಿನ್ನೆಲೆ ಚಿತ್ರ, ಥೀಮ್ ಇದ್ದರೆ ತೆಗೆಯಿರಿ.

'ಸೀರಿಯಲ್ ಪೋರ್ಟ್ ಕಾಮ್0 ಸಿಗಲಿಲ್ಲ' ಎಂದು ಗ್ರಬ್ ದೂರುತ್ತದೆ. ಲಿನಕ್ಸ್‌ನಲ್ಲಿ ಅದೇ ಪೋರ್ಟ್ ಕೆಲಸ ಮಾಡುತ್ತಿದೆಯಲ್ಲ!

ಇಬ್ಬರೂ ಪೋರ್ಟನ್ನು ಎಣಿಸುವ ರೀತಿ ಬೇರೆ. ಪಿಸಿಯಲ್ಲಿ ರೂಢಿಯ ನಾಲ್ಕು ವಿಳಾಸಗಳಿವೆ, ಹೆಕ್ಸ್‌ನಲ್ಲಿ 3ಎಫ್8, 2ಎಫ್8, 3ಇ8, 2ಇ8. ಲಿನಕ್ಸ್‌ನ ಟಿಟಿವೈಎಸ್0ಯಿಂದ ಟಿಟಿವೈಎಸ್3ರವರೆಗಿನವು ಪಿಸಿಯಲ್ಲಿ ಇದೇ ಕ್ರಮದಲ್ಲಿರುತ್ತವೆ. ಯುಇಎಫ್‌ಐ ಗ್ರಬ್ ಕೂಡ ಈ ಪಟ್ಟಿಯನ್ನೇ ಹಿಡಿಯುತ್ತದೆ. ಆದರೆ ಬಯೋಸ್‌ಗಾಗಿ ಕಟ್ಟಿದ ಗ್ರಬ್ ಹಾಗಲ್ಲ. ಅದು ಮೆಮೊರಿಯ ಹೆಕ್ಸ್ 400ನೇ ವಿಳಾಸದಲ್ಲಿ ಬಯೋಸ್ ಬರೆದಿಟ್ಟ ಪಟ್ಟಿಯನ್ನು ನಂಬುತ್ತದೆ.

ತೊಡಕು ಹುಟ್ಟುವುದು ಅಲ್ಲೇ. ಪೋರ್ಟನ್ನು ರಿಡೈರೆಕ್ಷನ್‌ಗೆ ತೆಗೆದುಕೊಂಡ ಬಯೋಸ್, ಬೇರೆಯವರು ಮುಟ್ಟದಿರಲೆಂದು ಅದನ್ನು ಪಟ್ಟಿಯಿಂದ ಅಳಿಸಬಹುದು. ಆಗ ಯುನಿಟ್ 0 ಖಾಲಿಯಾಗಿರುತ್ತದೆ, ಇಲ್ಲವೇ ಎರಡನೇ ಪೋರ್ಟು ಮೊದಲನೆಯದರ ಜಾಗಕ್ಕೆ ಬಂದಿರುತ್ತದೆ. ಎರಡನೆಯ ಸಂದರ್ಭದಲ್ಲಿ ದೋಷ ಸಂದೇಶವೂ ಬರುವುದಿಲ್ಲ, ಮೆನು ಬೇರೆ ತಂತಿಗೆ ಹೋಗುತ್ತಿರುತ್ತದೆ.

ಯುನಿಟ್ ಸಂಖ್ಯೆ ಬಿಟ್ಟು ವಿಳಾಸವನ್ನೇ ಕೊಡಿ: 'ಸೀರಿಯಲ್ --ಪೋರ್ಟ್=0ಎಕ್ಸ್3ಎಫ್8 --ಸ್ಪೀಡ್=115200'. ವಿಳಾಸ ಗೊತ್ತಿಲ್ಲದಿದ್ದರೆ ಲಿನಕ್ಸ್‌ನಲ್ಲಿ ಡಿಮೆಸೇಜ್ ಔಟ್‌ಪುಟ್‌ನೊಳಗೆ ಟಿಟಿವೈಎಸ್ ಹುಡುಕಿ, ಅಥವಾ /ಪ್ರೊಕ್/ಟಿಟಿವೈ/ಡ್ರೈವರ್/ಸೀರಿಯಲ್ ಓದಿ. ಅಲ್ಲಿ ಚಿಪ್ ಬಗೆ 'ಅನ್‌ನೋನ್' ಎಂದಿರುವ ಸಾಲುಗಳಲ್ಲಿ ನಿಜವಾದ ಪೋರ್ಟ್ ಇಲ್ಲ.

ವಿಳಾಸ ಕೊಟ್ಟರೂ ಸಿಗದಿದ್ದರೆ ಫರ್ಮ್‌ವೇರ್ ಸೆಟಪ್‌ನಲ್ಲಿ ಆ ಪೋರ್ಟ್ ಆಫ್ ಆಗಿದೆಯೇ ನೋಡಿ. ರೂಢಿಯ ಪೋರ್ಟುಗಳನ್ನು ಹುಡುಕುವಾಗ ಗ್ರಬ್ ಚಿಪ್ಪಿನ ಒಂದು ಖಾಲಿ ರಿಜಿಸ್ಟರ್‌ಗೆ ಬೆಲೆ ಬರೆದು ತಿರುಗಿ ಓದುತ್ತದೆ. ಬರೆದದ್ದೇ ವಾಪಸ್ ಬರದಿದ್ದರೆ ಪೋರ್ಟ್ ಇಲ್ಲವೆಂದು ಕೈಬಿಡುತ್ತದೆ.

ದೂರದಿಂದ ಸಂಪರ್ಕ ಕೊಡುವ ಬಿಎಂಸಿ (ಸರ್ವರಿನ ನಿಗಾ ಚಿಪ್) ಕನ್ಸೋಲ್‌ನಲ್ಲಿ ಏನೂ ಬರುತ್ತಿಲ್ಲ. ಹಿಂದಿನ ಕನೆಕ್ಟರ್‌ನಲ್ಲಿ ಎಲ್ಲ ಸರಿ ಇದೆ.

ಐಪಿಎಂಐಯ (ಬಿಎಂಸಿ ಜೊತೆ ಮಾತಾಡುವ ರೂಢಿಯ ವಿಧಾನ) ಸೀರಿಯಲ್ ಓವರ್ ಲ್ಯಾನ್ ಬಹಳಷ್ಟು ಸರ್ವರ್‌ಗಳಲ್ಲಿ ಎರಡನೇ ಪೋರ್ಟಿಗೆ ಅಂಟಿಕೊಂಡಿರುತ್ತದೆ. ಅಂದರೆ ಗ್ರಬ್‌ನಲ್ಲಿ ಯುನಿಟ್ 1, ಲಿನಕ್ಸ್‌ನಲ್ಲಿ ಟಿಟಿವೈಎಸ್1. ಕೆಲವದರಲ್ಲಿ ಮೂರನೆಯದು. ಲಿನಕ್ಸ್ ಏರಿದ ಮೇಲೆ ಒಂದೊಂದು ಪೋರ್ಟಿಗೂ ಬೇರೆ ಬೇರೆ ಸಾಲು ಎಕೋ ಮಾಡಿ, ಯಾವುದು ಬಿಎಂಸಿ ಕಿಟಕಿಯಲ್ಲಿ ಕಾಣುತ್ತದೋ ಅದೇ ನಿಮ್ಮ ಪೋರ್ಟ್. ಕೈಪಿಡಿ ಓದುವುದಕ್ಕಿಂತ ಇದು ಬೇಗ, ನಂಬಿಕೆಗೂ ಅರ್ಹ. ಬಿಎಂಸಿಗೂ ತನ್ನದೇ ವೇಗದ ಸೆಟ್ಟಿಂಗ್ ಇದೆ. 'ಐಪಿಎಂಐಟೂಲ್ ಎಸ್‌ಒಎಲ್ ಇನ್ಫೋ' ಅದನ್ನು ತೋರಿಸುತ್ತದೆ. ಹೊರಬರಲು ಹೊಸ ಸಾಲಿನ ಆರಂಭದಲ್ಲಿ ಟಿಲ್ಡೆ, ಆಮೇಲೆ ಚುಕ್ಕಿ.

ಬಾಣದ ಕೀ ಕೆಲಸ ಮಾಡುತ್ತಿಲ್ಲ, ಎಫ್10 ಕೂಡ ಇಲ್ಲ. ಮೆನುವಿನಲ್ಲಿ ಓಡಾಡುವುದು ಹೇಗೆ?

ಮೇಲಕ್ಕೆ ಕಂಟ್ರೋಲ್-ಪಿ, ಕೆಳಕ್ಕೆ ಕಂಟ್ರೋಲ್-ಎನ್. ಮೆನುವಿನಲ್ಲಿ ಮೇಲಕ್ಕೆ ಕ್ಯಾರೆಟ್ ಚಿಹ್ನೆ, ಕೆಳಕ್ಕೆ ಸಣ್ಣ ವಿ ಅಕ್ಷರವೂ ನಡೆಯುತ್ತವೆ. ತಿದ್ದಿದ ಮೇಲೆ ಬೂಟ್ ಮಾಡಲು ಎಫ್10ರ ಬದಲು ಕಂಟ್ರೋಲ್-ಎಕ್ಸ್. ಇವೆಲ್ಲ ಒಂದೊಂದೇ ಬೈಟ್ ಆದ್ದರಿಂದ ಎಂಥ ಕೆಟ್ಟ ದಾರಿಯಲ್ಲೂ ಹರಿಯದೆ ತಲುಪುತ್ತವೆ.

ಕರೆಂಟ್ ಹೋಗಿ ಬಂದಾಗ ಯಂತ್ರ ಗ್ರಬ್ ಮೆನುವಿನಲ್ಲೇ ನಿಂತುಬಿಡುತ್ತದೆ. ಯಾರೂ ಕೀ ಒತ್ತಿಲ್ಲ.

ಗ್ರಬ್ ದೃಷ್ಟಿಯಲ್ಲಿ ಯಾರೋ ಒತ್ತಿದ್ದಾರೆ. ತಂತಿಯಲ್ಲಿ ಗದ್ದಲ ಬಂದರೂ, ಆ ತುದಿಯ ಸಾಧನ ಎದ್ದು ಒಂದೆರಡು ಅಕ್ಷರ ಕಳಿಸಿದರೂ ತಾನಾಗಿ ಬೂಟ್ ಆಗುವ ಎಣಿಕೆ ನಿಲ್ಲುತ್ತದೆ. ಎರಡು ಯಂತ್ರಗಳನ್ನು ಒಂದಕ್ಕೊಂದು ಸೀರಿಯಲ್‌ನಲ್ಲಿ ಜೋಡಿಸಿ ಆ ಕಡೆ ಗೆಟ್ಟಿ ಓಡುತ್ತಿದ್ದರೆ ಇದು ಖಚಿತ: ಗ್ರಬ್ ಬರೆದ ಮೆನುವನ್ನು ಗೆಟ್ಟಿ ಬಳಕೆದಾರರ ಹೆಸರೆಂದು ತಿಳಿದು ಎಕೋ ಮಾಡುತ್ತದೆ, ಗ್ರಬ್ ಅದನ್ನು ಕೀಗಳೆಂದು ಓದುತ್ತದೆ. ಆ ತುದಿಯ ಗೆಟ್ಟಿ ನಿಲ್ಲಿಸಿ. ಗದ್ದಲ ತಪ್ಪಿಸಲಾಗದ ಕಡೆ ಗ್ರಬ್_ಟರ್ಮಿನಲ್ ಸಾಲು ತೆಗೆದು ಗ್ರಬ್_ಟರ್ಮಿನಲ್_ಔಟ್‌ಪುಟ್‌ನಲ್ಲಿ ಸೀರಿಯಲ್, ಗ್ರಬ್_ಟರ್ಮಿನಲ್_ಇನ್‌ಪುಟ್‌ನಲ್ಲಿ ಬರೀ ಕನ್ಸೋಲ್ ಇಡಿ. ಆಗ ಮೆನು ನೋಡಬಹುದು, ಅಲ್ಲಿಂದ ಬದಲಿಸಲಾಗದು.

ಉಬುಂಟುವಿನಲ್ಲಿ ಇನ್ನೊಂದು ಕಾರಣವೂ ಇರಬಹುದು. ಹಿಂದಿನ ಬೂಟ್ ಪೂರ್ತಿಯಾಗಲಿಲ್ಲವೆಂದು ಗುರುತಾಗಿದ್ದರೆ ಕಾಯುವ ಅವಧಿ ಬೇರೆಯೇ ಆಗುತ್ತದೆ. ಅದನ್ನು ಗ್ರಬ್_ರೆಕಾರ್ಡ್‌ಫೇಲ್_ಟೈಮ್‌ಔಟ್ ಮೂಲಕ ಚಿಕ್ಕದು ಮಾಡಬಹುದು.

## ಇನ್ನೂ ಆಳಕ್ಕೆ

ನನ್ನ ಯಂತ್ರದ ಸೀರಿಯಲ್ ಪೋರ್ಟ್ ಆ ನಾಲ್ಕು ವಿಳಾಸಗಳಲ್ಲಿ ಒಂದರಲ್ಲೂ ಇಲ್ಲ. ಪಿಸಿಐ ಕಾರ್ಡ್ ಅಥವಾ ಮೆಮೊರಿಯಲ್ಲಿ ಕೂರುವ ಬಗೆ. ದಾರಿ ಇದೆಯೇ?

ಇದೆ, ಗ್ರಬ್ ಹೊಸದಾಗಿದ್ದರೆ. 2023ರ ಡಿಸೆಂಬರ್‌ನಲ್ಲಿ ಬಂದ 2.12ರಲ್ಲಿ ಮೆಮೊರಿ ವಿಳಾಸದ ಪೋರ್ಟನ್ನು ನೇರವಾಗಿ ಹೇಳಬಹುದು: '--ಪೋರ್ಟ್=ಎಂಎಂಐಒ,' ಎಂದು ಬರೆದು ಹೆಕ್ಸ್ ವಿಳಾಸ, ಅದರ ನಂತರ ಚುಕ್ಕಿಯಿಟ್ಟು ಓದುವ ಅಗಲ. ಅಗಲ ಒಂದು ಬೈಟ್ ಆದರೆ ಬಿ, ಎರಡಾದರೆ ಡಬ್ಲ್ಯು, ನಾಲ್ಕಾದರೆ ಎಲ್, ಎಂಟಾದರೆ ಕ್ಯೂ. ಪಿಸಿಐ ಸೀರಿಯಲ್ ಸಾಧನಗಳಿಗೂ ಅದೇ ಆವೃತ್ತಿಯಲ್ಲಿ ಬೆಂಬಲ ಬಂತು.

'--ಪೋರ್ಟ್=ಆಟೋ' ಎಂಬುದೂ ಇದೆ. ಆಗ ಗ್ರಬ್ ಎಸಿಪಿಐಯ (ಯಂತ್ರದ ವಿವರ ತಿಳಿಸಲು ಫರ್ಮ್‌ವೇರ್ ಕೊಡುವ ಕೋಷ್ಟಕಗಳ ವ್ಯವಸ್ಥೆ) ಎಸ್‌ಪಿಸಿಆರ್ ಕೋಷ್ಟಕ ಓದುತ್ತದೆ. ಕನ್ಸೋಲ್‌ಗೆ ಯಾವ ಪೋರ್ಟ್, ಯಾವ ವೇಗ ಎಂದು ಫರ್ಮ್‌ವೇರ್ ಬರೆದಿಟ್ಟ ಕೋಷ್ಟಕವದು. ಅದು ಸರಿಯಿದ್ದರೆ ಇದಕ್ಕಿಂತ ಸುಲಭ ದಾರಿ ಇಲ್ಲ. ಆದರೆ ಸೆಟಪ್‌ನಲ್ಲಿ ವೇಗ ಬದಲಿಸಿದರೂ ಕೋಷ್ಟಕದಲ್ಲಿ ಹಳೆಯದೇ ಉಳಿಸುವ ಫರ್ಮ್‌ವೇರ್‌ಗಳಿವೆ. /ಸಿಸ್/ಫರ್ಮ್‌ವೇರ್/ಎಸಿಪಿಐ/ಟೇಬಲ್ಸ್/ ಅಡಿಯಲ್ಲಿ ಅದು ಸಿಗುತ್ತದೆ. ಒಡೆದು ಓದಿ: ಅಲ್ಲಿ ವೇಗ ಸಂಕೇತದಲ್ಲಿರುತ್ತದೆ, 3 ಎಂದರೆ 9600, 4 ಎಂದರೆ 19200, 6 ಎಂದರೆ 57600, 7 ಎಂದರೆ 115200.

ಗ್ರಬ್ ಹಳೆಯದಾಗಿದ್ದು ಯಂತ್ರ ಯುಇಎಫ್‌ಐ ಆಗಿದ್ದರೆ ಫರ್ಮ್‌ವೇರಿನದೇ ಸೀರಿಯಲ್ ಚಾಲಕವನ್ನು ಬಳಸಬಹುದು: 'ಸೀರಿಯಲ್ ಇಎಫ್‌ಐ0 --ಸ್ಪೀಡ್=115200'. ವಿಳಾಸದ ಗೊಡವೆಯೇ ಇಲ್ಲ.

ಸೆಕ್ಯೂರ್ ಬೂಟ್ ಆನ್ ಮಾಡಿದ ಮೇಲೆ 'ಸೀರಿಯಲ್' ಎಂಬ ಕಮಾಂಡೇ ಇಲ್ಲ ಎನ್ನುತ್ತದೆ.

ಸಹಿ ಮಾಡಿದ ಗ್ರಬ್ ಚಿತ್ರಿಕೆಯೊಳಗೆ (ಇಮೇಜ್, ಅಂದರೆ ಕಟ್ಟಿಟ್ಟ ಗ್ರಬ್ ಕಡತ) ಆ ಮಾಡ್ಯೂಲ್ ಸೇರಿಲ್ಲ. ಸೆಕ್ಯೂರ್ ಬೂಟ್ ಇರುವಾಗ ಡಿಸ್ಕಿನಿಂದ ಮಾಡ್ಯೂಲ್ ತುಂಬಲು ಗ್ರಬ್ ಒಪ್ಪುವುದಿಲ್ಲ. ಫರ್ಮ್‌ವೇರ್ ರಿಡೈರೆಕ್ಷನ್ ಜೊತೆ 'ಕನ್ಸೋಲ್' ಬಳಸಿ. ಇಲ್ಲದಿದ್ದರೆ ನೀವೇ ಚಿತ್ರಿಕೆ ಕಟ್ಟಿ, ನಿಮ್ಮ ಕೀಲಿಯಿಂದ ಸಹಿ ಮಾಡಬೇಕು.

ಗ್ರಬ್ ಕರ್ನಲ್ ತುಂಬಿತು, ಆಮೇಲೆ ಮೌನ. ಸತ್ತಿದೆಯೋ ಓಡುತ್ತಿದೆಯೋ ಗೊತ್ತಾಗುವುದು ಹೇಗೆ?

ಸಾಮಾನ್ಯ ಕನ್ಸೋಲ್ ಎದ್ದೇಳುವ ಮುನ್ನವೇ ಕರ್ನಲ್ ಸತ್ತರೆ ತಂತಿಗೆ ಏನೂ ಬರುವುದಿಲ್ಲ. ಕರ್ನಲ್ ಸಾಲಿಗೆ 'ಅರ್ಲಿಕಾನ್=ಯುಆರ್ಟ್8250,ಐಒ,0ಎಕ್ಸ್3ಎಫ್8,115200ಎನ್8' ಸೇರಿಸಿ. ಮೆಮೊರಿ ವಿಳಾಸದ ಪೋರ್ಟಾದರೆ 'ಐಒ' ಬದಲು 'ಎಂಎಂಐಒ' ಅಥವಾ 'ಎಂಎಂಐಒ32'. ಅರ್ಲಿಕಾನ್‌ನಿಂದ ನಿಜ ಕನ್ಸೋಲ್‌ಗೆ ದಾಟುವಾಗಲೇ ಮೌನವಾದರೆ 'ಕೀಪ್_ಬೂಟ್‌ಕಾನ್' ಕೂಡ ಹಾಕಿ. ಆಗ ಹಳೆಯ ದಾರಿ ಮುಚ್ಚುವುದಿಲ್ಲ, ದಾಟಿದ ಮೇಲೆ ಸಾಲುಗಳು ಎರಡೆರಡು ಸಲ ಬರಬಹುದು.

ಬೂಟ್ ಆಗುತ್ತದೆ, ಆದರೆ ಅಕ್ಷರಕ್ಕೊಂದು ಸೆಕೆಂಡ್ ಎನ್ನುವಷ್ಟು ನಿಧಾನ. ವೇಗ 115200ಯೇ ಇದೆ.

ಕರ್ನಲ್ ಸಾಲಿನಲ್ಲಿ '115200ಎನ್8ಆರ್' ಎಂದಿದೆಯೇ ನೋಡಿ. ಕೊನೆಯ ಆರ್ ಹಾರ್ಡ್‌ವೇರ್ ಫ್ಲೋ ಕಂಟ್ರೋಲ್ ಕೇಳುತ್ತದೆ. ಆ ತುದಿಯಲ್ಲಿ ಕೇಬಲ್ ಇಲ್ಲದಿದ್ದರೆ, ಅಥವಾ ಮೂರೇ ತಂತಿಯ ಕೇಬಲ್ ಆಗಿದ್ದರೆ 'ಕಳಿಸು' ಎಂಬ ಸಂಕೇತ ಬರುವುದೇ ಇಲ್ಲ; ಲಿನಕ್ಸ್ ಪ್ರತಿ ಅಕ್ಷರಕ್ಕೂ ಒಂದು ಸೆಕೆಂಡಿನವರೆಗೆ ಕಾಯುತ್ತದೆ. ಆರ್ ತೆಗೆದುಬಿಡಿ. ಫರ್ಮ್‌ವೇರ್ ಸೆಟಪ್‌ನಲ್ಲೂ ಫ್ಲೋ ಕಂಟ್ರೋಲ್ ಆಫ್ ಇಡಿ. ಕನ್ಸೋಲ್‌ಗೆ ಅದರ ಅಗತ್ಯ ತೀರ ಅಪರೂಪ.

ಗ್ರಬ್ ಕಮಾಂಡ್ ಸಾಲಿಗೆ ಉದ್ದದ ಪಠ್ಯ ಅಂಟಿಸಿದರೆ ನಡುವೆ ಅಕ್ಷರಗಳು ಬಿದ್ದುಹೋಗುತ್ತವೆ.

16550 ಚಿಪ್ಪಿನ ಬಫರ್ 16 ಬೈಟ್. 115200ರಲ್ಲಿ ಅದು ಸುಮಾರು 1.4 ಮಿಲಿಸೆಕೆಂಡಿನಲ್ಲಿ ತುಂಬುತ್ತದೆ. ಗ್ರಬ್ ಇಂಟರಪ್ಟ್ ಬಳಸದೆ ಆಗಾಗ ಇಣುಕಿ ನೋಡುತ್ತದೆ, ಪರದೆ ಬರೆಯುವ ಹೊತ್ತಿನಲ್ಲಿ ಬಂದ ಅಕ್ಷರಗಳು ಉಕ್ಕಿಹೋಗುತ್ತವೆ. ಮಿನಿಕಾಮ್‌ನಂಥ ಟರ್ಮಿನಲ್‌ಗಳಲ್ಲಿ ಅಕ್ಷರದಿಂದ ಅಕ್ಷರಕ್ಕೆ ತಡ ಇಡುವ ಆಯ್ಕೆ ಇದೆ, ಅಂಟಿಸುವ ಮುನ್ನ ಹಾಕಿಕೊಳ್ಳಿ.

ನಾನು ಗ್ರಬ್ ಬಳಸುವುದಿಲ್ಲ. ಬೇರೆ ಲೋಡರ್‌ಗಳಲ್ಲಿ?

ಸಿಸ್ಟಂಡಿ-ಬೂಟ್‌ಗೆ ಸ್ವಂತ ಸೀರಿಯಲ್ ಚಾಲಕವಿಲ್ಲ, ಫರ್ಮ್‌ವೇರ್ ಕೊಟ್ಟ ಕನ್ಸೋಲೇ ಗತಿ. ರಿಡೈರೆಕ್ಷನ್ ಆನ್ ಇರಲಿ. ಸಿಸ್‌ಲಿನಕ್ಸ್‌ನಲ್ಲಿ 'ಸೀರಿಯಲ್ 0 115200' ಎಂಬ ಸಾಲು ಕಡತದ ಮೊದಲ ಸಾಲಾಗಿರಬೇಕು. ಫ್ರೀಬಿಎಸ್‌ಡಿಯಲ್ಲಿ /ಬೂಟ್/ಲೋಡರ್.ಕಾನ್ಫ್ ಕಡತದ ಬೂಟ್_ಮಲ್ಟಿಕಾನ್ಸ್, ಬೂಟ್_ಸೀರಿಯಲ್, ಕಾಮ್‌ಕನ್ಸೋಲ್_ಸ್ಪೀಡ್, ಕಾಮ್‌ಕನ್ಸೋಲ್_ಪೋರ್ಟ್ ಇವನ್ನು ನೋಡಿ. ಅಲ್ಲಿಯೂ 'ಕನ್ಸೋಲ್' ಬೆಲೆಯಲ್ಲಿ ಇಎಫ್‌ಐ ಮತ್ತು ಕಾಮ್‌ಕನ್ಸೋಲ್ ಎರಡನ್ನೂ ಹಾಕಿ ಫರ್ಮ್‌ವೇರ್ ರಿಡೈರೆಕ್ಷನ್ ಬಿಟ್ಟರೆ ಅಕ್ಷರಗಳು ಜೋಡಿಯಾಗಿ ಬರುತ್ತವೆ.

ರಾಸ್ಪ್‌ಬೆರಿ ಪೈ 3ರಲ್ಲಿ ಅಕ್ಷರ ಒಮ್ಮೆ ಸರಿ, ಒಮ್ಮೆ ಕಸ. ಯಾಕೆ?

ಅದರಲ್ಲಿ ಒಳ್ಳೆಯ ಪಿಎಲ್011 ಪೋರ್ಟ್ ಬ್ಲೂಟೂತ್‌ಗೆ ಹೋಗಿದೆ. ಹೊರಗಿನ ಪಿನ್‌ಗಳಿಗೆ ಬಂದಿರುವುದು ಮಿನಿ ಯುಆರ್ಟ್. ಅದರ ವೇಗ ಚಿಪ್ಪಿನ ಕೋರ್ ಗಡಿಯಾರವನ್ನು ಅವಲಂಬಿಸಿದೆ, ಗಡಿಯಾರ ಏರಿಳಿದರೆ ವೇಗವೂ ಏರಿಳಿಯುತ್ತದೆ. ಕಾನ್ಫಿಗ್.ಟಿಎಕ್ಸ್‌ಟಿ ಕಡತದಲ್ಲಿ 'ಎನೇಬಲ್_ಯುಆರ್ಟ್=1' ಬರೆದರೆ ಗಡಿಯಾರ ಸ್ಥಿರವಾಗುತ್ತದೆ. ಬ್ಲೂಟೂತ್ ಬೇಡವಾದರೆ 'ಡಿಟಿಓವರ್‌ಲೇ=ಡಿಸೇಬಲ್-ಬಿಟಿ' ಹಾಕಿ ಪಿಎಲ್011 ಅನ್ನೇ ವಾಪಸ್ ಪಡೆಯಿರಿ. ಕನ್ಸೋಲ್‌ಗಾಗಿಯೇ ಇಟ್ಟ ಬೋರ್ಡಿನಲ್ಲಿ ನಾನು ಇದನ್ನೇ ಮಾಡಿ ಎನ್ನುತ್ತೇನೆ.

ಯಂತ್ರ ದೂರದಲ್ಲಿದೆ. ಸೆಟ್ಟಿಂಗ್ ತಪ್ಪಿದರೆ ಒಳಗೆ ಹೋಗಲು ಬೇರೆ ದಾರಿಯಿಲ್ಲ. ಹೇಗೆ ಧೈರ್ಯ ಮಾಡಲಿ?

ಕಡತಕ್ಕೆ ಬರೆಯುವ ಮುನ್ನ ಜೀವಂತವಾಗಿ ಪರೀಕ್ಷಿಸಿ. ಈಗ ಯಾವ ದಾರಿಯಲ್ಲಿ ಮೆನು ಕಾಣುತ್ತಿದೆಯೋ ಅಲ್ಲಿ ಸಿ ಒತ್ತಿ ಗ್ರಬ್ ಕಮಾಂಡ್ ಸಾಲಿಗೆ ಹೋಗಿ, 'ಸೀರಿಯಲ್' ಕಮಾಂಡ್ ಕೊಟ್ಟು, 'ಟರ್ಮಿನಲ್_ಔಟ್‌ಪುಟ್ --ಅಪೆಂಡ್ ಸೀರಿಯಲ್' ಎನ್ನಿ. ಅಪೆಂಡ್ ಇರುವುದರಿಂದ ಹಳೆಯ ದಾರಿ ಮುಚ್ಚುವುದಿಲ್ಲ. ತಂತಿಯಲ್ಲಿ ಸರಿಯಾಗಿ ಬಂದರೆ ಮಾತ್ರ ಕಡತಕ್ಕೆ ಇಳಿಸಿ. ಕರ್ನಲ್ ಸಾಲನ್ನೂ ಮೊದಲು ಇ ಒತ್ತಿ ತಿದ್ದಿ ನೋಡಿ. ಆ ತಿದ್ದುಪಡಿ ಆ ಒಂದು ಬೂಟ್‌ಗೆ ಮಾತ್ರ.

ಬೇರೆ ಬೇರೆ ಯಂತ್ರಗಳಿಗೆ ಒಂದೇ ಸೆಟ್ಟಿಂಗ್ ಹಂಚುವವರು /ಇಟಿಸಿ/ಡಿಫಾಲ್ಟ್/ಗ್ರಬ್‌ನಲ್ಲಿ 'ಕನ್ಸೋಲ್' ಮಾತ್ರ ಇಟ್ಟು, ಗ್ರಬ್ ಡೈರೆಕ್ಟರಿಯ ಕಸ್ಟಮ್.ಸಿಎಫ್‌ಜಿಯಲ್ಲಿ ಷರತ್ತು ಬರೆಯಬಹುದು: 'ಇಫ್ ಸೀರಿಯಲ್ --ಪೋರ್ಟ್=0ಎಕ್ಸ್3ಎಫ್8 --ಸ್ಪೀಡ್=115200; ದೆನ್', ಅದರ ಕೆಳಗೆ ಟರ್ಮಿನಲ್_ಇನ್‌ಪುಟ್, ಟರ್ಮಿನಲ್_ಔಟ್‌ಪುಟ್ ಎರಡಕ್ಕೂ ಅಪೆಂಡ್ ಸಾಲು, ಕೊನೆಗೆ 'ಫೈ'. ಪೋರ್ಟ್ ಸಿಗದ ಯಂತ್ರದಲ್ಲಿ ಗ್ರಬ್ ಆ ಭಾಗ ದಾಟಿ ಎಂದಿನಂತೆ ಮುಂದುವರಿಯುತ್ತದೆ.

ಕೈ ಪಳಗಿಸಿಕೊಳ್ಳಲು ಕ್ಯೂಎಮು ಎಂಬ ಯಂತ್ರ ಅನುಕರಣೆಯಲ್ಲಿ '-ನೋಗ್ರಾಫಿಕ್' ಹಾಕಿ ಯಂತ್ರ ಎಬ್ಬಿಸಿ, ಸೀರಿಯಲ್ ನಿಮ್ಮ ಟರ್ಮಿನಲ್‌ಗೇ ಬರುತ್ತದೆ. ಫರ್ಮ್‌ವೇರ್ ಆಗಿ ಒವಿಎಂಎಫ್ (ಅದರ ಯುಇಎಫ್‌ಐ) ಕೊಟ್ಟು ಗ್ರಬ್‌ನಲ್ಲಿ 'ಕನ್ಸೋಲ್ ಸೀರಿಯಲ್' ಎರಡನ್ನೂ ಇಟ್ಟರೆ ಅಕ್ಷರ ಜೋಡಿಯಾಗುವ ತೊಂದರೆ ಅಲ್ಲೇ ಕಾಣಿಸುತ್ತದೆ, ಒಂದನ್ನು ತೆಗೆದಾಗ ಸರಿಹೋಗುವುದೂ ಕಾಣಿಸುತ್ತದೆ. ಹೊರಬರಲು ಕಂಟ್ರೋಲ್-ಎ, ಆಮೇಲೆ ಎಕ್ಸ್.